ಬಿಜಾಗರಿ ಬಳಗದ ಮಿಸ್ತ್ರಿ

ಮಾಘ ಅಮಾವಾಸ್ಯೆ, ಬೆಳಗಿನ ಐದು ಗಂಟೆ. ಅಂಕಲಿಯ ನದಿದಂಡೆ. ಹಾಜರಿದ್ದವರು: ನಾನು, ಮಿಸ್ತ್ರಿಯ ಹೆಂಡತಿ, ಮಿಸ್ತ್ರಿ ಮಾಡಿದ ಹಲಗೆ. ಗೈರುಹಾಜರು: ಮಿಸ್ತ್ರಿ.

ಮಿಸ್ತ್ರಿಯ ಬೆರಳುಗಳನ್ನು ಫೋನು ಗುರುತಿಸುತ್ತಿರಲಿಲ್ಲ. ಬಾಚಿ, ಉಳಿ, ಗರಗಸ ಹಿಡಿದು ಹಿಡಿದು ಬೆರಳ ತುದಿಗಳು ಹುಣಸೆ ತೊಗಟೆಯಂತೆ ದಡ್ಡುಗಟ್ಟಿದ್ದವು. ಗಾಜನ್ನು ಎಷ್ಟು ಒತ್ತಿದರೂ ಫೋನು ಸುಮ್ಮನಿರುತ್ತಿತ್ತು. ಆಗ ಅವರು ಕಿರುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ಪರರ ಮನೆಯ ಬಾಗಿಲು ತಟ್ಟಿದ ಹಾಗೆ ಟಕ್ಕೆಂದು ತಟ್ಟುತ್ತಿದ್ದರು. ಫೋನು ತೆರೆದುಕೊಳ್ಳುತ್ತಿತ್ತು. ಗೆಣ್ಣಿನಿಂದ ಅಕ್ಷರ ಬರೆಯಲು ಬರುವುದಿಲ್ಲ. ಹಾಗಾಗಿ ಅವರು ಬರೆಯಲಿಲ್ಲ, ಮಾತಾಡಿ ಕಳಿಸಿದರು. ಆಕಾಶದ ಫೋಟೋ ತೆಗೆಯುವ ಹವ್ಯಾಸಿಗಳ ಬಳಗವೊಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಊರೂರಿಗೆ ಹಬ್ಬಿದ್ದು ಹೀಗೆ, ಒಂದು ಕಿರುಬೆರಳ ಗೆಣ್ಣಿನಿಂದ ಮತ್ತು ಒಂದು ಒರಟು ಗಂಟಲಿನಿಂದ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು, ಊರವರಿಗೆ 'ಬಾಯಾರು'. ಪಾಳಿ ಬದಲಾಗುವಾಗ ಯಾರಿದ್ದರು, ಎಷ್ಟು ಗಂಟೆ, ಏನಾಯಿತು, ಏನು ಬಾಕಿ ಎಂದು ಬರೆದಿಟ್ಟೇ ಮನೆಗೆ ಹೋಗಬೇಕು. ನಿವೃತ್ತಿಯಾಗಿ ಅಂಕಲಿಗೆ ಬಂದು ನೆಲೆಸಿದ ಮೇಲೂ ಅಡಿಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿಕೊಂಡೇ ಬದುಕಿದ್ದೇನೆ. ನಾಲ್ಕೂವರೆಗೆ ಏಳುವುದು, ಐದೂಕಾಲಿಗೆ ಚಹಾ. ಈ ಪಟ್ಟಿಯೊಳಗೆ ಮಿಸ್ತ್ರಿ ಕಾಲಿಟ್ಟದ್ದು ಇಪ್ಪತ್ತು ನಿಮಿಷ ತಡವಾಗಿ. ನನ್ನ ಹಿತ್ತಲ ಬಾಗಿಲು ನೆಲಕ್ಕೆ ತಾಗುತ್ತಿತ್ತು.

"ಹತ್ತಕ್ಕೆ ಬರಬೇಕು ಅಂದಿದ್ದೆ" ಎಂದೆ.

"ಹತ್ತು ಇನ್ನಾ ಪೂರಾ ಮುಗದಿಲ್ರಿ ಬಾಯಾರ" ಎಂದರು, ಹತ್ತು ಗಂಟೆಯೆಂಬುದು ಹನ್ನೊಂದರವರೆಗೂ ಚಾಚಿಕೊಂಡ ಜಮೀನು ಎನ್ನುವಂತೆ.

ಅವರು ಬಾಗಿಲು ಹೆರೆಯುತ್ತಿದ್ದಾಗ ಪಕ್ಕದ ಮನೆಯ ಮುದುಕಿ ತಲೆಸುತ್ತು ಎಂದು ಬಂದಳು. ನಾನು ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡಿ ಅವಳ ನಾಡಿ ಎಣಿಸಿದೆ. ಮಿಸ್ತ್ರಿ ಹೆರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಬಾಯಾರ, ಒಂದ ನಿಮಿಷ ಅಂದ್ರ ಎಷ್ಟಂತ ನಿಮಗ ಗೊತ್ತೈತ್ರಿ?"

"ಅರವತ್ತು ಸೆಕೆಂಡು."

"ಅದು ತಲಿಗಿ ಗೊತ್ತು. ಕೈಗೆ ಗೊತ್ತೈತೇನ್ರಿ?"

ಕೈಗೆ ಗೊತ್ತಿತ್ತು. ಸಲೈನ್ ಬಾಟಲಿಯ ಹನಿಗಳನ್ನು ಗಡಿಯಾರ ನೋಡದೆ ಹೊಂದಿಸಿದ ಕೈ ಇದು. ಹಾಗೆಂದು ಹೇಳಿದೆ. ಮರುದಿನ ಅವರು ಒಂದು ನಿಮಿಷವೂ ತಡಮಾಡದೆ ಬಂದರು. ಕಂಕುಳಲ್ಲಿ ಎರಡು ಸಾಗವಾನಿ ಹಲಗೆಗಳಿದ್ದವು, ಒಂದು ತುದಿಯಲ್ಲಿ ಬಿಜಾಗರಿಯಿಂದ ಜೋಡಿಸಿದ್ದು, ಮುಚ್ಚಿದ ಪುಸ್ತಕದ ಹಾಗೆ. ಬಿಜಾಗರಿ ಎಂದರೆ ಬಾಗಿಲಿಗೆ ಹಾಕುವ ಅದೇ ಕಬ್ಬಿಣದ ಕೀಲು. ಕೀಲಿನಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ ಒಂದು ಬೋಲ್ಟು, ಅದರ ತಲೆಗೆ ದುಂಡನೆಯ ಮರದ ಹಿಡಿಕೆ. ಹಿಡಿಕೆಯನ್ನು ನಿಮಿಷಕ್ಕೊಂದು ಸುತ್ತಿನಂತೆ ತಿರುಗಿಸಿದರೆ ಮೇಲಿನ ಹಲಗೆ ಆಕಾಶ ಸರಿದಷ್ಟೇ ಸರಿಯುತ್ತದೆ. ಅದರ ಮೇಲೆ ಕ್ಯಾಮೆರಾ ಕೂರಿಸಿದರೆ ನಕ್ಷತ್ರಗಳು ಗೆರೆಗಳಾಗದೆ ಚುಕ್ಕೆಗಳಾಗಿ ನಿಲ್ಲುತ್ತವೆ. ಒಂದೇ ಷರತ್ತು, ಕೀಲಿನ ಅಂಚು ಧ್ರುವ ನಕ್ಷತ್ರದ ಕಡೆಗೆ ನೆಟ್ಟಗಿರಬೇಕು.

ನಿಪ್ಪಾಣಿಯಲ್ಲಿ ಹಳೆಯ ಫೋಟೋ ಸ್ಟುಡಿಯೋ ಒಂದರ ಕಪಾಟು ಬಿಚ್ಚುವಾಗ ಅವರಿಗೆ ಒಂದು ಬೇಡದ ಕ್ಯಾಮೆರಾ ಸಿಕ್ಕಿತ್ತು. ಅದರಿಂದ ಆಕಾಶದ ಫೋಟೋ ತೆಗೆದರೆ ಎಲ್ಲ ಚುಕ್ಕೆಗಳೂ ಗೀಚಿದಂತೆ ಬಂದವು. ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಮಿಸ್ತ್ರಿಗೆ ಅದು ಅವಮಾನ. "ಗೆರಿ ಎಳದ್ರ ನೆಟ್ಟಗಿರಬೇಕು, ಚುಕ್ಕಿ ಇಟ್ರ ಚುಕ್ಕಿ ಇರಬೇಕು. ನಡಬರಕ ಇದೇನ ಹುಳದಂಗ ಹರದೈತಿ?" ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಯಾವುದೋ ದೇಶದವನು ಅಂತರ್ಜಾಲದಲ್ಲಿ ಹಾಕಿದ್ದ ಹಲಗೆಯ ಚಿತ್ರ ಕಂಡರು. ಭಾಷೆ ಬರದಿದ್ದರೂ ಬಿಜಾಗರಿ ಅರ್ಥವಾಯಿತು.

ನಾನು ತಿರುಗಿಸುವವಳಾದೆ, ಅವರು ನೋಡುವವರಾದರು. ಧ್ರುವ ನದಿಯಾಚೆ, ಚಾಚಿದ ಕೈಯ ಒಂದೂವರೆ ಮುಷ್ಟಿ ಎತ್ತರದಲ್ಲಿ, ನೀರಿನ ಮೇಲೆ ಕಾಣುತ್ತದೆ. ಮೊದಲ ಸಲ ಚುಕ್ಕೆ ಚುಕ್ಕೆಯಾಗಿ ಬಂದ ದಿನ ಅವರು ಕ್ಯಾಮೆರಾವನ್ನು ಕೈಗೆತ್ತಿಕೊಂಡರು. ಫೋಟೋದ ಮೇಲೆ ಕಿವಿಯ ಪೆನ್ಸಿಲ್ ಇಟ್ಟು ಒಂದೊಂದೇ ನಕ್ಷತ್ರ ಅಳೆದರು. ಆಮೇಲೆ, "ಬಾಗಲಾ ಕುಂತತ್ರಿ" ಎಂದರು. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಾಗ ಹೇಳುವ ಮಾತು, ಅವರ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಅದೇ ವಾರ ಫೋನಿನಲ್ಲಿ 'ಬಿಜಾಗರಿ ಬಳಗ' ತೆರೆದರು. ಮೊದಲು ಸೇರಿದ್ದು ನಾವು ಹನ್ನೊಂದು ಮಂದಿ. ಬಾಗಿಲು ಮಾಡಿಸಲು ಬಂದವರಿಗೆಲ್ಲ, "ಚೌಕಟ್ಟ ಆತು, ಇನ್ನ ಗ್ರೂಪಿಗೆ ಬರ್ರಿ" ಎನ್ನುತ್ತಿದ್ದರು. ಕಾಗವಾಡದ ಕಂಡಕ್ಟರ್ ಬಂದ, ರಾಯಬಾಗದ ಹಾಲಿನ ಡೈರಿಯವಳು ಬಂದಳು. ಭೋಜದ ಕುರಿಗಾರ ಬಂದ. ಅಥಣಿಯ ದ್ರಾಕ್ಷಿ ತೋಟದ ಯಜಮಾನ ಒಳ್ಳೆಯ ಕ್ಯಾಮೆರಾ ಸಮೇತ ಬಂದ. ಹಲಗೆ ಮಾಡುವ ವಿಧಾನವನ್ನು ಮಿಸ್ತ್ರಿ ಧ್ವನಿಯಲ್ಲಿ ಹೇಳುತ್ತಿದ್ದರು. ಹಿಂದೆ ಗರಗಸದ ಸದ್ದು, ಮಧ್ಯೆ ಹೆಂಡತಿಗೆ ಮರಾಠಿಯಲ್ಲಿ ಚಹಾ ಕೇಳುವುದು, ಎಲ್ಲ ಸೇರಿರುತ್ತಿತ್ತು. ಬೆಳಗಿನ ಆರರಿಂದ ಆರೂವರೆಯವರೆಗೆ ನಾನು ಅದನ್ನು ಕೇಳಿ ಅಕ್ಷರಕ್ಕಿಳಿಸಿ ಬಳಗಕ್ಕೆ ಹಾಕುತ್ತಿದ್ದೆ. ಚಹಾದ ಮಾತು ಬಿಡುತ್ತಿದ್ದೆ.

ಬಳಗಕ್ಕೆ ಒಂದೇ ನಿಯಮವಿತ್ತು. ಚಂದದ ಫೋಟೋ ಹಾಕುವ ಮೊದಲು ಕೆಟ್ಟ ಫೋಟೋ ಹಾಕಬೇಕು, ಏನು ತಪ್ಪಿತು ಎಂದೂ ಹೇಳಬೇಕು. ದ್ರಾಕ್ಷಿಯವನು ಒಮ್ಮೆ ಕೇಳಿದ, "ಮಿಸ್ತ್ರಿ, ನಾ ತಪ್ಪ ಮಾಡದ ಇದ್ರ?"

"ಹಂಗಾರ ನೀವ ಫೋಟೋನ ತಗದಿಲ್ಲ ಬಿಡ್ರಿ" ಎಂದು ಉತ್ತರ ಹೋಯಿತು.

ಎಲ್ಲರೂ ನಕ್ಕರು. ಎಲ್ಲರಿಗೂ ಧೈರ್ಯ ಬಂತು. ಬಳಗ ಬೆಳೆದದ್ದು ಒಳ್ಳೆಯ ಫೋಟೋಗಳಿಂದಲ್ಲ. ಡೈರಿಯವಳು ಹಾಕಿದ, ಎಮ್ಮೆಯ ಬಾಲ ಅಡ್ಡ ಬಂದ ಕ್ಷೀರಪಥದಿಂದ.

ಆಮೇಲೆ ಕಬ್ಬು ಬೆಳೆಯಿತು.

ನಮ್ಮ ಕಡೆ ಕಬ್ಬು ಎದ್ದು ನಿಂತರೆ ಒಂದೂವರೆ ಮುಷ್ಟಿ ಎತ್ತರದ ಧ್ರುವ ಎಲ್ಲಿ ಕಾಣಬೇಕು? ಬಳಗದಲ್ಲಿ ಒಂದೇ ಗೋಳು, "ಧ್ರುವ ಕಾಣವಲ್ದು ಮಿಸ್ತ್ರಿ, ಹಲಗಿ ಎತ್ತಾಗ ಇಡೂದು?" ಮಿಸ್ತ್ರಿ ಅರೆಗಳಿಗೆಯೂ ಯೋಚಿಸಲಿಲ್ಲ. "ಅದಕ್ಯಾಕ ಚಿಂತಿ? ಕಬ್ಬಿನ ಸಾಲ ತೆಂಕ-ಬಡಗ ಇರತೈತಿ. ಸಾಲಿಗೆ ಸರಿ ಮಾಡಿ ಹಲಗಿ ಇಡ್ರಿ" ಎಂದು ಧ್ವನಿ ಕಳಿಸಿದರು. ನಾನೂ ಅದನ್ನು ಅಚ್ಚುಕಟ್ಟಾಗಿ ಬರೆದು ಹಾಕಿದೆ. ಸಾಲು ಉತ್ತರಕ್ಕೆ ಹೋಗುತ್ತದೆಂದು ನಾವೆಲ್ಲ ಹುಟ್ಟಿದಾಗಿನಿಂದ ನಂಬಿದವರು. ಯಾರೂ ಅಳೆದವರಲ್ಲ.

ಮುಂದಿನ ಅಮಾವಾಸ್ಯೆಯ ವಾರ ಬಂದ ಫೋಟೋಗಳೆಲ್ಲ ಹುಳ ಹರಿದಂತೆ. ಮಿಸ್ತ್ರಿ ಬೋಲ್ಟನ್ನು ಬೈದರು, ಮರದ ತೇವವನ್ನು ಬೈದರು, ಕೊನೆಗೆ ನನ್ನ ಅಂಗಳಕ್ಕೆ ಬಂದು, "ಬಾಯಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗಡಿಯಾರ ಮುಂದ ಓಡಾಕತ್ತೈತಿ" ಎಂದರು.

ನಾನು ಸಿಟ್ಟಾದೆ. "ಈ ಗಡಿಯಾರದಲ್ಲಿ ಎಷ್ಟು ಜನರ ನಾಡಿ ಎಣಿಸಿದ್ದೇನೆ ಗೊತ್ತೇ? ನಿಮ್ಮ ಹಲಗೆ ಸುಳ್ಳು ಹೇಳಿದರೆ ಗಡಿಯಾರದ ತಲೆಗೆ ಕಟ್ಟಬೇಡಿ" ಎಂದು ಬಾಗಿಲು ಹಾಕಿಕೊಂಡೆ. ಅವರೇ ಹೆರೆದ ಬಾಗಿಲು, ಸದ್ದಿಲ್ಲದೆ ಮುಚ್ಚಿತು. ಎರಡು ದಿನ ಮಾತಿಲ್ಲ.

ಮೂರನೆಯ ದಿನ ಬೆಳಿಗ್ಗೆ ಭೋಜದ ಕುರಿಗಾರನ ಫೋಟೋ ಬಂತು. ಫೋನಿನಲ್ಲಿ ತೆಗೆದದ್ದು, ಕೆಳಗೆ ಕುರಿಗಳ ಬೆನ್ನು, ಮೇಲೆ ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ದುಂಡಗೆ. ಜೊತೆಗೆ ಧ್ವನಿ: "ಮಿಸ್ತ್ರಿ, ತಪ್ಪಾತ್ರಿ. ನೀವ ಹೇಳದಂಗ ಮಾಡಾಕ ಆಗ್ಲಿಲ್ಲ. ನಾ ಕುರಿ ಕೂಡಿಸಿದ್ದ ಬೀಳ ಹೊಲ, ಅಲ್ಲಿ ಕಬ್ಬ ಎಲ್ಲಿಂದ ತರ್ಲಿ? ಧ್ರುವಗ ಹಿಡದ ಇಟ್ಟೇನ್ರಿ."

ಆ ದಿನ ಮಧ್ಯಾಹ್ನ ಮಿಸ್ತ್ರಿ ತೂಗುಗುಂಡು, ಒಂದು ಕೋಲು ಹಿಡಿದು ನನ್ನ ಬಾಗಿಲಿಗೆ ಬಂದರು. "ಗಡಿಯಾರ ತಗೊಂಡ ಬರ್ರಿ" ಎಂದರು, ಅಷ್ಟೇ. ಊರ ಹೊರಗೆ ಕಬ್ಬು ಕಡಿದಾದ ಒಂದು ಹೊಲದಲ್ಲಿ, ಕೂಳೆಯ ಸಾಲಿನ ನಡುವೆ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದರು. ಹತ್ತು ನಿಮಿಷಕ್ಕೊಮ್ಮೆ ನಾನು ಹೇಳುವುದು, ಅವರು ನೆರಳಿನ ತುದಿಗೆ ಮೊಳೆ ಚುಚ್ಚುವುದು. ಹನ್ನೆರಡೂವರೆ ದಾಟಿದ ಮೇಲೆ ನೆರಳು ತೀರ ಗಿಡ್ಡವಾಯಿತು. ಆ ಗಳಿಗೆಯ ನೆರಳು ಸರಿಯಾಗಿ ಉತ್ತರಕ್ಕೆ ಬೀಳುತ್ತದೆ. ಸಾಲಿಗೂ ನೆರಳಿಗೂ ನಡುವೆ ನನ್ನ ಅಂಗೈ ಅಡ್ಡ ಹಿಡಿಯುವಷ್ಟು ಜಾಗವಿತ್ತು.

ಹೊಲದ ಯಜಮಾನ ಓಡಿಬಂದ. "ಏ ಮಿಸ್ತ್ರಿ, ಏನ ನಡಸಿ? ನಮ್ಮ ಮುತ್ಯಾ ಹೊಡದ ಸಾಲದು. ಸೊಟ್ಟ ಅಂತಿಯೇನಲೇ?"

"ಸಾಲ ನೆಟ್ಟಗ ಐತೋ ಮಾರಾಯಾ. ಉತ್ತರಕ್ಕ ಹೋಗವಲ್ದು, ಅಷ್ಟ."

"ಮತ್ತೆಲ್ಲಿಗಿ ಹೊಂಟೈತದು?"

"ಕಾಲುವಿಗಿ. ನೀರ ಕುಡ್ಯಾಕ."

ಯಜಮಾನ ನಕ್ಕುಬಿಟ್ಟ. ಮಿಸ್ತ್ರಿ ನಗಲಿಲ್ಲ. ಎಲ್ಲರ ಅಜ್ಜ ಮುತ್ತಜ್ಜಂದಿರೂ ಸಾಲು ಹೊಡೆದದ್ದು ನೀರು ಹರಿಯುವ ಕಡೆಗೆ, ಆಕಾಶ ನೋಡಿ ಅಲ್ಲ. ಅಲ್ಲೇ ಬದುವಿನ ಮೇಲೆ ಕುಳಿತು, ಗೆಣ್ಣಿನಿಂದ ಫೋನು ತಟ್ಟಿ, ನನ್ನೆದುರಿಗೇ ಹೇಳಿದರು: "ಎಲ್ಲಾರೂ ಕೇಳ್ರಿ. ತಪ್ಪ ನಂದು. ಬೋಲ್ಟಿಂದಲ್ಲ, ಬಾಯಾರ ಗಡಿಯಾರದ್ದಂತೂ ಅಲ್ಲ. ಅಳೀದ ಹೇಳ್ದೆ. ಬಡಿಗ್ಯಾ ಅಳೀದ ಮಾತಾಡಬಾರದು." ಆಮೇಲೆ ಆ ಹಳೆಯ 'ಸಾಲಿಗೆ ಸರಿ ಮಾಡಿ ಇಡ್ರಿ' ಎಂಬ ಧ್ವನಿಯನ್ನೇ ಹುಡುಕಿ, ಬಳಗದ ತಲೆಬಾಗಿಲಲ್ಲಿ, ಬಂದವರಿಗೆ ಮೊದಲು ಕೇಳುವಂತೆ ಅಂಟಿಸಿಬಿಟ್ಟರು.

ಅಂದಿನಿಂದ ಹೊಸಬರು ಯಾರೇ ಬರಲಿ, ಅವರಿಗೆ ಮಿಸ್ತ್ರಿಯ ಮೊದಲ ಮಾತು ಒಂದೇ: "ಬರ್ರಿ, ಕುಂದರ್ರಿ. ನೀವ ನಿಂತಲ್ಲಿಂದ ಉತ್ತರಕ್ಕ ಏನ ಕಾಣಸ್ತೈತಿ?" ಜನ ಮಹಡಿಗೆ ಹೋಗಿ, ಗದ್ದೆಗೆ ಹೋಗಿ, ನೋಡಿ ಬಂದು ಹೇಳುತ್ತಿದ್ದರು. ನೀರಿನ ಟಾಕಿ. ಬೇವಿನ ಮರ. ಕಾರ್ಖಾನೆಯ ಚಿಮಣಿ. ಅತ್ತೆಯ ಮನೆ. ಉತ್ತರ ಯಾವುದು ಎಂದೇ ಗೊತ್ತಿಲ್ಲದವರು ಅಂದೇ ಕೋಲು ನೆಟ್ಟು ಕಲಿಯುತ್ತಿದ್ದರು.

ಕುರಿಗಾರನ ಆ ಫೋಟೋ ಎಲ್ಲೆಲ್ಲೋ ಹೋಯಿತು. ಹಿಂದೆಯೇ ಒಂದು ದೊಡ್ಡ ಊರಿನ ದೊಡ್ಡ ಗುಂಪಿನ ವ್ಯವಸ್ಥಾಪಕರು ನಮ್ಮನ್ನು ಹುಡುಕಿಕೊಂಡು ಬಂದರು. ಮೊದಲು ಕಬ್ಬಿನ ಸಾಲಿನ ಧ್ವನಿಯನ್ನು ತಮ್ಮಲ್ಲಿ ಹಾಕಿ ನಗಾಡಿದರು. ನಂತರ ಇಂಗ್ಲಿಷಿನಲ್ಲಿ ಕಾಗದ ಬಂತು: ನಿಮ್ಮ ಬಳಗ ನಮ್ಮದರಲ್ಲಿ ಸೇರಲಿ, ನಿಮ್ಮವರಿಗೂ ಸ್ಪರ್ಧೆ, ಪ್ರದರ್ಶನ ಎಲ್ಲ ಸಿಗಲಿ. ಆದರೆ ಕೆಟ್ಟ ಫೋಟೋಗಳನ್ನು ತೆಗೆಯಬೇಕು, ಆ ಧ್ವನಿಯನ್ನು ಅಳಿಸಬೇಕು, ಇನ್ನು ಮುಂದೆ ಮಾತು ಸಾಕು, ಇಂಗ್ಲಿಷಿನಲ್ಲಿ ಬರೆಯಬೇಕು.

ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅಥಣಿಯ ದ್ರಾಕ್ಷಿಯವನು ಅಲ್ಲೇ ಇದ್ದ. ಅವನಿಗೆ ಸೇರುವ ಆಸೆ. "ಮಿಸ್ತ್ರಿ, ಮಂದಿ ನಗಾಕತ್ತಾರ್ರಿ. ಅಳಿಸಿಬಿಡ್ರಿ, ಏನ ಹೋಗತೈತಿ?" ಎಂದ.

"ಏನ ಹೋಗತೈತಿ ಅಂದ್ರ? ನಾಳೆ ಬರಾಂವ ಅದ ಕುಣ್ಯಾಗ ಬೀಳತಾನ. ನಗೂದಕ ಅಂಜಿ ಕುಣಿ ಮ್ಯಾಲ ಚಾಪಿ ಹಾಸಲ್ಯಾ?"

"ನೀವ ಹಟ ಮಾಡಿದ್ರ ಅರ್ಧ ಗ್ರೂಪ ಖಾಲಿ ಆಗತೈತಿ."

"ಆಗ್ಲಿ. ಉಳದ ಅರ್ಧಕ್ಕ ಉತ್ತರ ಎತ್ತಾಗ ಐತಂತ ಗೊತ್ತಿರತೈತಿ."

ಫೋನು ತಟ್ಟಿ ವ್ಯವಸ್ಥಾಪಕರಿಗೆ ಧ್ವನಿ ಕಳಿಸಿದರು. "ಸಾಹೇಬ್ರ, ನಿಮ್ಮ ಮನಿ ದೊಡ್ಡದೈತಿ, ಖರೆ. ಆದ್ರ ನಮ್ಮ ಬಾಗಲಾ ಕಿತ್ತ ಒಗದ ಒಳಗ ಬರ್ರಿ ಅಂತೀರಿ. ಬಾಗಲಾ ಮಾಡಿ ಹೊಟ್ಟಿ ಹೊರದಾಂವ್ರಿ ನಾನು. ನಮ್ಮ ಬಾಗಲಾ ತಗದ ಇರತೈತಿ, ನೀವ ಬರ್ರಿ."

ಅರ್ಧ ಅಲ್ಲದಿದ್ದರೂ ಬಹಳ ಜನ ಹೋದರು, ದ್ರಾಕ್ಷಿಯವನೂ ಹೋದ. ಬೆಳಗಿನ ಆರು ಗಂಟೆಗೆ ಬರೆದಿಡಲು ನನಗೆ ಕೆಲಸವೇ ಇಲ್ಲದ ದಿನಗಳು ಬಂದವು. ಮಿಸ್ತ್ರಿ ಮಾತ್ರ ಯಾರೂ ಕೇಳದಿದ್ದರೂ ದಿನಕ್ಕೊಂದು ಧ್ವನಿ ಕಳಿಸಿದರು, ಹಿಡಿಕೆಗೆ ಯಾವ ಮರ ಒಳ್ಳೆಯದು, ಮಂಜು ಬಿದ್ದರೆ ಗಾಜು ಹೇಗೆ ಒರೆಸಬೇಕು. ನಿಧಾನವಾಗಿ ಒಬ್ಬೊಬ್ಬರೇ ಬಂದರು. ಕುರಿಗಾರನ ಜೊತೆಯವರು ಬಂದರು, ಗಡಿಯಾಚೆಯ ಮರಾಠಿಯವರು ಬಂದರು. ಹೋದಷ್ಟು ತುಂಬಿತು, ಮೇಲೆ ಇನ್ನಷ್ಟು.

ಮಿಸ್ತ್ರಿಯ ಪಾದ ಊದಿದ್ದನ್ನು ಮೊದಲು ಕಂಡದ್ದು ನಾನು. ಹೆಬ್ಬೆರಳಿಂದ ಒತ್ತಿದೆ. ಕುಳಿ ಬಿತ್ತು, ಏಳಲಿಲ್ಲ.

"ಹಲಗಿ ತ್ಯಾವ ಹಿಡದೈತಿ. ಬಿಸಲಿಗಿ ಇಟ್ರ ಆರತೈತ್ರಿ" ಎಂದರು.

"ಇದು ಹಲಗೆಯಲ್ಲ, ಹೃದಯ. ನಾಳೆ ಎಂಟಕ್ಕೆ ಸರಿಯಾಗಿ ಆಸ್ಪತ್ರೆಗೆ. ಎಂಟು ಎಂದರೆ ಎಂಟು."

ಎಂಟಕ್ಕೇ ಬಂದರು. ಔಷಧಿಯನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರು, ನನ್ನ ಹೆದರಿಕೆಯಿಂದ. ಒಂದು ವರ್ಷ ಸಿಕ್ಕಿತು. ಕಾರ್ತಿಕದಲ್ಲಿ ಮಲಗಿದವರು ಏಳಲಿಲ್ಲ. ಕೊನೆಯ ವಾರ ನನ್ನನ್ನು ಹತ್ತಿರ ಕರೆದು ಹೇಳಿದ್ದು ಇಷ್ಟು: "ನಾ ಹ್ವಾದ ಮ್ಯಾಲ ಗ್ರೂಪಿನಾಗ ಹಾರ ಹಾಕಿದ ನನ್ನ ಫೋಟೋ ಹಾಕಬ್ಯಾಡ್ರಿ ಬಾಯಾರ. ಹಾಕೂದಿದ್ರ ಒಂದ ಕೆಟ್ಟ ಫೋಟೋ ಹಾಕ್ರಿ."

ಅವರು ಹೋದ ಹದಿನಾಲ್ಕನೆಯ ದಿನವೇ ದೊಡ್ಡ ಊರಿನ ಕಾಗದ ಮತ್ತೆ ಬಂತು. ಸಂತಾಪ. ಮಿಸ್ತ್ರಿಯ ಹೆಸರಿನಲ್ಲಿ ಒಂದು ಬಹುಮಾನ. ನಿಮಗೆ ವಯಸ್ಸಾಗಿದೆ, ಇದನ್ನೆಲ್ಲ ನಡೆಸುವುದು ಕಷ್ಟ, ಬಳಗದ ಕೀಲಿಕೈ ನಮಗೊಪ್ಪಿಸಿ, ಷರತ್ತು ಅವೇ. ಮಾಘ ಅಮಾವಾಸ್ಯೆಯೊಳಗೆ ತಿಳಿಸಿ. ಬಳಗದಲ್ಲಿ ಮತ್ತೆ ಗುಸುಗುಸು. ಮಿಸ್ತ್ರಿ ಇಲ್ಲ, ಬಾಯಾರು ಬಿಡುತ್ತಾರೆ, ಎಂದು. ಹೊಸ ಫೋಟೋ ಬರುವುದು ನಿಂತಿತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬರೆಯದ ವರದಿಯ ಬಗ್ಗೆ ಮಾತಾಡುವ ಅಭ್ಯಾಸ ನನಗಿಲ್ಲ.

ಹಾಗಾಗಿ ಇಂದು ನಸುಕಿನಲ್ಲಿ ಮಿಸ್ತ್ರಿಯ ಹೆಂಡತಿಯೂ ನಾನೂ ಹಲಗೆ, ಕ್ಯಾಮೆರಾ ಹೊತ್ತು ನದಿಗೆ ಹೋದೆವು. ಧ್ರುವ ನೀರಿನ ಮೇಲೆ ಇತ್ತು. ಆಗ್ನೇಯದಲ್ಲಿ ಕ್ಷೀರಪಥ ಎದ್ದಿತ್ತು. ಆಕೆ ಹಲಗೆಯನ್ನು ಧ್ರುವಕ್ಕೆ ಹಿಡಿದು ಕೂರಿಸಿದಳು. ಇಷ್ಟು ವರ್ಷ ಮನೆಯೊಳಗಿಂದ ಕೇಳಿದ್ದೇ ಆಕೆಗೆ ಸಾಕಾಗಿತ್ತು. ನಾನು ಹಿಡಿಕೆ ತಿರುಗಿಸತೊಡಗಿದೆ. ಮೊದಲ ಸುತ್ತು, ಎರಡನೆಯ ಸುತ್ತು. ಮೂರನೆಯದರಲ್ಲಿ ಆಕೆ ತನ್ನಷ್ಟಕ್ಕೆ ಎಂಬಂತೆ, "ಇಷ್ಟೊತ್ತಿಗಿ ಒಂದ ಸಲ ಚಾ ಕೇಳತಿದ್ರ ನೋಡ್ರಿ" ಎಂದಳು.

ಎಷ್ಟೋ ಧ್ವನಿಗಳಿಂದ ನಾನು ತೆಗೆದುಹಾಕಿದ್ದ ಚಹಾ. ಮೂವತ್ತೈದು ವರ್ಷ ನಿಲ್ಲದ ಕೈ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಫೋಟೋದಲ್ಲಿ ಪ್ರತಿ ನಕ್ಷತ್ರಕ್ಕೂ ಒಂದು ಚಿಕ್ಕ ಬಾಲ.

ಎರಡನೆಯ ಸಲ ಕೈ ನಿಲ್ಲಲಿಲ್ಲ. ಚುಕ್ಕೆ ಚುಕ್ಕೆಯಾಗಿಯೇ ಬಂತು. ಬಾಗಿಲು ಕುಳಿತಿತು.

ಆರು ಗಂಟೆಗೆ ಮನೆಗೆ ಬಂದೆವು. ಬಳಗಕ್ಕೆ ಮೊದಲು ಬಾಲದ ಫೋಟೋ ಹಾಕಿದೆ. ಕೆಳಗೆ ಬರೆದೆ: 'ಏನು ತಪ್ಪಿತು: ತಿರುಗಿಸುವವಳ ಕೈ ನಿಂತಿತು. ಬಳಗ ನಿಲ್ಲುವುದಿಲ್ಲ.' ಆಮೇಲೆ ಒಳ್ಳೆಯದನ್ನು ಹಾಕಿದೆ. ಐದು ನಿಮಿಷದೊಳಗೆ ಅಥಣಿಯಿಂದ ಒಂದು ಫೋಟೋ ಬಂತು, ಪೂರಾ ಅಲುಗಾಡಿದ್ದು. ದ್ರಾಕ್ಷಿಯವನು ಯಾವಾಗ ಮರಳಿ ಸೇರಿಕೊಂಡಿದ್ದನೋ ನಾನು ಗಮನಿಸಿರಲಿಲ್ಲ. 'ಏನು ತಪ್ಪಿತು: ಹೋಗಬಾರದಿತ್ತು' ಎಂದು ಬರೆದಿದ್ದ.

ದೊಡ್ಡ ಊರಿನ ವ್ಯವಸ್ಥಾಪಕರಿಗೆ ಉತ್ತರ ಬಾಕಿ ಇತ್ತು. ಇಂಗ್ಲಿಷು ನನಗೆ ಬರುತ್ತದೆ. ಬರೆಯಲಿಲ್ಲ. ಫೋನನ್ನು ಬಾಯಿಗೆ ಹಿಡಿದು, ಹೊಸಬರಿಗೆ ಮಿಸ್ತ್ರಿ ಹೇಳುತ್ತಿದ್ದುದನ್ನು ಅವರ ಮಾತಿನಲ್ಲೇ ಹೇಳಿದೆ:

"ಬರ್ರಿ, ಕುಂದರ್ರಿ. ನೀವ ನಿಂತಲ್ಲಿಂದ ಉತ್ತರಕ್ಕ ಏನ ಕಾಣಸ್ತೈತಿ?"

ಕಳಿಸಿದ ಹೊತ್ತು ಆರು ಇಪ್ಪತ್ತೆರಡು. ಮಿಸ್ತ್ರಿಯ ಹೆಂಡತಿ ಚಹಾ ತಂದಳು, ಕುಡಿದೆವು. ಹಲಗೆಯ ಮೇಲಿನ ಮಂಜು ಒರೆಸಿ, ಬೋಲ್ಟು ಸಡಿಲಿಸಿ, ಬಿಜಾಗರಿಗೆ ಎರಡು ಹನಿ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.